ಮಕ್ಕಳ ಹಲ್ಲಿಗೆ ಕ್ಲಿಪ್: ಆತುರವೂ ಬೇಡ, ಅಸಡ್ಡೆಯೂ ಬೇಡ

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ಸಮಾರಂಭಗಳಲ್ಲಿ ಸಭಾ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ಹೆತ್ತವರ ನಡುವೆ ಮಕ್ಕಳ ಮಾತು ಬಂದೇ ಬರುತ್ತದೆ. ಶಾಲೆ, ಟ್ಯೂಷನ್, ಹತ್ತನೆಯ ತರಗತಿಯ ಅಂಕಗಳ ಜೊತೆಗೆ ಈಗ ಇನ್ನೊಂದು ವಿಷಯವೂ ಸೇರಿಕೊಂಡಿದೆ. “ನಿಮ್ಮ ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ್ದೀರಂತೆ, ಎಲ್ಲಿ? ಎಷ್ಟಾಯಿತು?” ಎಂದು ಒಬ್ಬರು ಕೇಳುತ್ತಾರೆ. ಇನ್ನೊಬ್ಬರು ತಮ್ಮ ಕಟ್ಟಡದ ಕೆಳಗಿನ ಕ್ಲಿನಿಕ್‌ನಲ್ಲಿ ಅದಕ್ಕಿಂತ ಕಡಿಮೆಗೆ ಮಾಡಿಕೊಡುತ್ತಾರೆ ಎನ್ನುತ್ತಾರೆ. ಮೂರನೆಯವರು ಈಗ ತಂತಿಯೇ ಬೇಡ, ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಬಂದಿದೆ ಎನ್ನುತ್ತಾರೆ. ಬಹಳಷ್ಟು ಮನೆಗಳಲ್ಲಿ ಇಷ್ಟೇ ವಿಚಾರಣೆಯಿಂದ ನಿರ್ಧಾರ ಆಗಿಬಿಡುತ್ತದೆ.

ಇನ್ನು ಕೆಲವು ಮನೆಗಳಲ್ಲಿ ಇದಕ್ಕೆ ತೀರಾ ವಿರುದ್ಧ. ಹಲ್ಲಿನ ಮೇಲೆ ಹಲ್ಲು ಬಂದರೆ ಅದೃಷ್ಟ ಎನ್ನುವ ಹಿರಿಯರಿದ್ದಾರೆ. ದೊಡ್ಡವಳಾದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದು ಸುಮ್ಮನಿರುವವರಿದ್ದಾರೆ. ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಮಾಡಿಸೋಣ ಎಂದು ವರ್ಷದಿಂದ ವರ್ಷಕ್ಕೆ ಮುಂದೂಡುವವರೂ ಇದ್ದಾರೆ. ಕೊನೆಗೆ ಮದುವೆಯ ಮಾತುಕತೆ ಆರಂಭವಾದಾಗ ಹುಡುಗಿಯನ್ನು ಅವಸರದಿಂದ ಕ್ಲಿನಿಕ್‌ಗೆ ಕರೆದೊಯ್ಯುತ್ತಾರೆ.

ಹಲ್ಲು ನೇರಗೊಳಿಸುವ ಚಿಕಿತ್ಸೆ ಒಂದೆರಡು ದಿನಗಳ ಕೆಲಸವಲ್ಲ. ಸುಮಾರು ಎರಡು ವರ್ಷಗಳ ಕಾಲ ಮಗುವಿನ ಬಾಯಿಯಲ್ಲಿ ನಡೆಯುವ ಕೆಲಸ. ಖಾಸಗಿ ಕ್ಲಿನಿಕ್‌ಗಳಲ್ಲಿ ಹತ್ತಾರು ಸಾವಿರ ರೂಪಾಯಿ ಬೇಕು, ಕೆಲವು ವಿಧಾನಗಳಿಗೆ ಲಕ್ಷವನ್ನೂ ಮೀರುತ್ತದೆ. ಹೋಟೆಲ್, ಕ್ಯಾಂಟೀನ್, ಖಾಸಗಿ ಕಚೇರಿಗಳಲ್ಲಿ ದುಡಿಯುವ ನಮ್ಮವರಿಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಯಾವ ಕ್ಲಿಪ್ ಎಂದು ಕೇಳುವ ಮೊದಲು ಚಿಕಿತ್ಸೆ ಬೇಕೇ, ಬೇಕಾದರೆ ಯಾವಾಗ, ಯಾರಿಂದ ಎಂಬುದನ್ನು ಹೆತ್ತವರು ತಿಳಿದುಕೊಳ್ಳುವುದು ಒಳ್ಳೆಯದು. ಹಣವೂ ಮಗುವಿನ ಹಲ್ಲೂ ಉಳಿಯುವುದು ಈ ಪ್ರಶ್ನೆಗಳಿಗೆ ಸಿಗುವ ಉತ್ತರದಿಂದ.

ಹಲ್ಲು ವಕ್ರವಾಗುವುದೇಕೆ?

ಮಗುವಿಗೆ ಮೊದಲು ಬರುವ ಹಾಲುಹಲ್ಲುಗಳು 20. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲುಗಳು ಹುಟ್ಟುತ್ತವೆ. ಇವು ಉದುರುವ ಹಲ್ಲುಗಳಲ್ಲ. ಆದರೆ ಇವನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕು ಹಿಡಿದರೂ ಅಲಕ್ಷಿಸುವ ಹೆತ್ತವರು ಅನೇಕ. ಅದೇ ಹೊತ್ತಿಗೆ ಮುಂದಿನ ಬಾಚಿಹಲ್ಲುಗಳು ಬದಲಾಗತೊಡಗುತ್ತವೆ. ಹನ್ನೆರಡು, ಹದಿಮೂರನೆಯ ವರ್ಷದೊಳಗೆ ಅಕ್ಕಲು ಹಲ್ಲುಗಳನ್ನು ಬಿಟ್ಟು ಉಳಿದ 28 ಶಾಶ್ವತ ಹಲ್ಲುಗಳು ಸಾಮಾನ್ಯವಾಗಿ ಬಂದಿರುತ್ತವೆ. ಆರರಿಂದ ಹನ್ನೆರಡರವರೆಗಿನ ಈ ಕಾಲದಲ್ಲಿ ಬಾಯಿಯೊಳಗೆ ಹಳೆಯ ಹಲ್ಲುಗಳೂ ಹೊಸ ಹಲ್ಲುಗಳೂ ಒಟ್ಟಿಗೆ ಇರುತ್ತವೆ.

ದವಡೆ ಚಿಕ್ಕದಾಗಿ ಹಲ್ಲುಗಳು ದೊಡ್ಡದಾಗಿದ್ದರೆ ಜಾಗ ಸಾಲದೆ ಒಂದರ ಮೇಲೊಂದು ಬರುತ್ತವೆ. ಮೇಲ್ದವಡೆ ಮುಂದೆ ಬಂದಿದ್ದರೆ ಅಥವಾ ಕೆಳದವಡೆ ಹಿಂದೆ ಉಳಿದಿದ್ದರೆ ಹಲ್ಲು ಉಬ್ಬಿದಂತೆ ಕಾಣುತ್ತದೆ. ಇದರಲ್ಲಿ ವಂಶದ ಪಾಲು ದೊಡ್ಡದು. ಅದರ ಜೊತೆಗೆ ಬಹುಕಾಲ ಬೆರಳು ಚೀಪುವ ಅಭ್ಯಾಸ, ಹುಳುಕಿನಿಂದ ಹಾಲುಹಲ್ಲನ್ನು ಅವಧಿಗೆ ಮೊದಲೇ ಕಳೆದುಕೊಳ್ಳುವುದು, ನಾಲಿಗೆಯಿಂದ ಹಲ್ಲನ್ನು ತಳ್ಳುವ ಅಭ್ಯಾಸ ಇವೂ ಕಾರಣವಾಗುತ್ತವೆ. ಮೇಲಿನ ಮತ್ತು ಕೆಳಗಿನ ಮೊದಲ ದವಡೆ ಹಲ್ಲುಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದನ್ನು ಆಧರಿಸಿ ಅಮೆರಿಕದ ದಂತವೈದ್ಯ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ಈ ದೋಷಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಇಂದಿಗೂ ತಜ್ಞರು ಅದೇ ವಿಂಗಡಣೆಯನ್ನು ಬಳಸುತ್ತಾರೆ. ನಿಮ್ಮ ಮಗುವಿನದ್ದು ಕ್ಲಾಸ್ ಟು ಅಥವಾ ಕ್ಲಾಸ್ ತ್ರೀ ಎಂದು ವೈದ್ಯರು ಹೇಳಿದರೆ ಅದು ರೋಗದ ಹಂತವಲ್ಲ, ಹಲ್ಲುಗಳ ಜೋಡಣೆಯ ಬಗೆ ಅಷ್ಟೆ.

ಏಳನೆಯ ವರ್ಷಕ್ಕೆ ಒಮ್ಮೆ ತೋರಿಸಿ

ಮಗುವಿಗೆ ಏಳು ವರ್ಷ ತುಂಬುವುದರೊಳಗೆ ಒಮ್ಮೆ ವಕ್ರದಂತ ತಜ್ಞರಿಗೆ ತೋರಿಸಬೇಕು ಎಂಬುದು ಅಮೆರಿಕದ ವಕ್ರದಂತ ತಜ್ಞರ ಸಂಘದ ಸಲಹೆ. ಇದರ ಅರ್ಥ ಏಳನೆಯ ವರ್ಷಕ್ಕೇ ಕ್ಲಿಪ್ ಹಾಕಿಸಬೇಕು ಎಂದಲ್ಲ. ಆ ವಯಸ್ಸಿಗೆ ಮೊದಲ ದವಡೆ ಹಲ್ಲುಗಳೂ ಕೆಲವು ಬಾಚಿಹಲ್ಲುಗಳೂ ಬಂದಿರುವುದರಿಂದ ಮುಂದೆ ಏನಾದೀತು ಎಂಬುದನ್ನು ತಜ್ಞರು ಅಂದಾಜಿಸಬಲ್ಲರು. ಹೆಚ್ಚಿನ ಮಕ್ಕಳ ವಿಷಯದಲ್ಲಿ “ಈಗ ಏನೂ ಬೇಡ, ವರ್ಷಕ್ಕೊಮ್ಮೆ ಕರೆದುಕೊಂಡು ಬನ್ನಿ” ಎಂಬ ಉತ್ತರ ಸಿಗುತ್ತದೆ. ಆ ಉತ್ತರಕ್ಕೆ ತಪಾಸಣೆಯ ಶುಲ್ಕ ಕೊಟ್ಟದ್ದು ವ್ಯರ್ಥವಲ್ಲ.

ಕಾಯದೆ ಚಿಕಿತ್ಸೆ ಮಾಡಿಸಬೇಕಾದ ಕೆಲವು ಸಂದರ್ಭಗಳಿವೆ. ಕೆಳಗಿನ ಮುಂದಿನ ಹಲ್ಲುಗಳು ಮೇಲಿನವುಗಳಿಗಿಂತ ಮುಂದೆ ಬಂದಿದ್ದರೆ ಅಂದರೆ ಹಲ್ಲು ಉಲ್ಟಾ ಕೂಡುತ್ತಿದ್ದರೆ ಹತ್ತು ವರ್ಷದೊಳಗೆ ತೋರಿಸಬೇಕು. ಮೇಲ್ದವಡೆಯನ್ನು ಮುಂದಕ್ಕೆ ಎಳೆಯುವ ಮುಖದ ಸಾಧನದಿಂದ ಆ ವಯಸ್ಸಿನಲ್ಲಿ ಪ್ರಯೋಜನ ಹೆಚ್ಚು. ಮೇಲ್ದವಡೆ ಇಕ್ಕಟ್ಟಾಗಿ ಬಾಯಿ ಮುಚ್ಚುವಾಗ ಕೆಳದವಡೆ ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ ಅದನ್ನೂ ಬೇಗ ಸರಿಪಡಿಸಬೇಕು. ಅಂಗುಳಿನ ನಡುವಿನ ಮೂಳೆಯ ಕೂಡುಗೆರೆ ಹದಿಹರೆಯದಲ್ಲಿ ಬಿಗಿಯಾಗುತ್ತಾ ಹೋಗುವುದರಿಂದ ಚಿಕ್ಕಂದಿನಲ್ಲಿ ದವಡೆಯನ್ನು ಅಗಲಿಸುವುದು ಸುಲಭ.

ಶಾಶ್ವತ ಬಾಚಿಹಲ್ಲುಗಳು ಬಂದ ಮೇಲೂ ಬೆರಳು ಚೀಪುವ ಮಗುವಿಗೆ ಅಭ್ಯಾಸ ಬಿಡಿಸಲು ಸಹಾಯ ಬೇಕು. ಗದರಿಸಿ, ಬೆರಳಿಗೆ ಖಾರ ಹಚ್ಚಿ ಬಿಡಿಸಲು ಹೋಗುವುದಕ್ಕಿಂತ ವೈದ್ಯರ ಸಲಹೆ ಕೇಳುವುದು ಮೇಲು. ಹಾಲುದವಡೆ ಹಲ್ಲನ್ನು ಬೇಗನೆ ತೆಗೆಸಬೇಕಾಗಿ ಬಂದರೆ ಆ ಜಾಗವನ್ನು ಕಾದಿಡಲು ಒಂದು ಸಣ್ಣ ತಂತಿಯ ಸಾಧನ ಹಾಕುತ್ತಾರೆ. ಇಲ್ಲದಿದ್ದರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ, ಹೊಸ ಹಲ್ಲಿಗೆ ದಾರಿ ಮುಚ್ಚಿಹೋಗುತ್ತದೆ. ಮುಂದೆ ಎರಡು ವರ್ಷದ ಚಿಕಿತ್ಸೆಯಾಗಬಹುದಾದದ್ದನ್ನು ಈ ಸಣ್ಣ ಸಾಧನ ಕೆಲವೊಮ್ಮೆ ತಪ್ಪಿಸುತ್ತದೆ.

ಹತ್ತನೆಯ ವರ್ಷದ ಹೊತ್ತಿಗೆ ಇನ್ನೊಂದು ತಪಾಸಣೆ ಅಗತ್ಯ. ಮೇಲಿನ ಕೋರೆಹಲ್ಲು ಬರುವುದು ಹನ್ನೊಂದು, ಹನ್ನೆರಡನೆಯ ವರ್ಷಕ್ಕಾದರೂ ಅದಕ್ಕೆ ಮೊದಲೇ ವಸಡಿನ ಮೇಲೆ ಬೆರಳಿಟ್ಟರೆ ಅದರ ಉಬ್ಬು ವೈದ್ಯರ ಕೈಗೆ ಸಿಗುತ್ತದೆ. ಸಿಗದಿದ್ದರೆ ಹಲ್ಲು ದಾರಿ ತಪ್ಪಿ ಅಂಗುಳಿನ ಕಡೆಗೆ ಹೊರಟಿರಬಹುದು. ಆ ಹಂತದಲ್ಲಿ ಹಾಲುಕೋರೆಹಲ್ಲನ್ನು ತೆಗೆದರೆ ಎಷ್ಟೋ ಸಲ ಹೊಸ ಹಲ್ಲು ಸರಿದಾರಿಗೆ ಬರುತ್ತದೆ. ಗಮನಿಸದೆ ಬಿಟ್ಟರೆ ಅದು ಪಕ್ಕದ ಬಾಚಿಹಲ್ಲಿನ ಬೇರನ್ನೇ ಸವೆಸಬಹುದು. ಆಮೇಲೆ ಶಸ್ತ್ರಚಿಕಿತ್ಸೆಯಿಂದ ಹಲ್ಲನ್ನು ಹುಡುಕಿ ಎಳೆಯಬೇಕಾಗುತ್ತದೆ.

ಕಾಯಬಹುದಾದದ್ದು ಯಾವುದು?

ಎಂಟರಿಂದ ಹನ್ನೊಂದು ವರ್ಷದ ಮಕ್ಕಳಲ್ಲಿ ಮೇಲಿನ ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಹರಡಿ, ನಡುವೆ ಸಂದು ಬಿಟ್ಟು ಅಂದಗೆಟ್ಟಂತೆ ಕಾಣುವುದುಂಟು. ದಂತವೈದ್ಯ ಶಾಸ್ತ್ರದಲ್ಲಿ ಇದಕ್ಕೆ “ಕುರೂಪಿ ಬಾತುಮರಿಯ ಹಂತ” ಎಂದೇ ಹೆಸರಿದೆ. ಮೇಲೆ ಇಳಿಯುತ್ತಿರುವ ಕೋರೆಹಲ್ಲುಗಳು ಬಾಚಿಹಲ್ಲುಗಳ ಬೇರನ್ನು ಒತ್ತುವುದರಿಂದ ಹೀಗಾಗುತ್ತದೆ. ಕೋರೆಹಲ್ಲು ಬಂದ ಮೇಲೆ ಸಂದು ಹೆಚ್ಚಾಗಿ ತಾನಾಗಿಯೇ ಮುಚ್ಚುತ್ತದೆ. ಇದನ್ನು ನೋಡಿ ಗಾಬರಿಗೊಂಡು ತಂತಿ ಹಾಕಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಉಬ್ಬುಹಲ್ಲಿನ ವಿಷಯದಲ್ಲಿ ಹೆತ್ತವರು ಗೊಂದಲಕ್ಕೊಳಗಾಗುವುದು ಸಹಜ. ಏಳೆಂಟು ವರ್ಷಕ್ಕೆ ಒಂದು ಹಂತ, ಹನ್ನೆರಡಕ್ಕೆ ಎರಡನೆಯ ಹಂತ ಎಂದು ಎರಡು ಸಲ ಚಿಕಿತ್ಸೆ ಹೇಳುವ ಕ್ಲಿನಿಕ್‌ಗಳಿವೆ. ಜಗತ್ತಿನ ಹಲವೆಡೆ ನಡೆದ ಪ್ರಯೋಗಗಳನ್ನು ಕ್ರೋಢೀಕರಿಸಿ ಕಾಕ್ರೇನ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಹೀಗೆ ಬೇಗ ಆರಂಭಿಸಿ ಎರಡು ಹಂತದಲ್ಲಿ ಮಾಡಿದ ಚಿಕಿತ್ಸೆಗೂ ಹದಿಹರೆಯದಲ್ಲಿ ಒಂದೇ ಸಲ ಮಾಡಿದ ಚಿಕಿತ್ಸೆಗೂ ಕೊನೆಯ ಫಲದಲ್ಲಿ ಒಂದು ವ್ಯತ್ಯಾಸ ಮಾತ್ರ ಕಂಡುಬಂತು. ಬೇಗ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾಗುವ ಪ್ರಮಾಣ ಕಡಿಮೆಯಿತ್ತು. ಆದ್ದರಿಂದ ಹಲ್ಲು ತುಂಬಾ ಮುಂದಿದ್ದು, ಮಗು ಆಟಗಳಲ್ಲಿ ಮುಂದೆ ಇದ್ದು, ಪೆಟ್ಟಾಗುವ ಸಂಭವ ಹೆಚ್ಚಿದ್ದರೆ ಅಥವಾ ಶಾಲೆಯಲ್ಲಿ ಹಂಗಿಸುವುದರಿಂದ ಮಗು ಕುಗ್ಗಿಹೋಗಿದ್ದರೆ ಬೇಗ ಆರಂಭಿಸುವುದಕ್ಕೆ ಅರ್ಥವಿದೆ. ಉಳಿದವರು ಕಾಯಬಹುದು. ಎರಡು ಹಂತದ ಚಿಕಿತ್ಸೆ ಹೇಳಿದರೆ ಮೊದಲ ಹಂತದಿಂದ ನಮ್ಮ ಮಗುವಿಗೆ ಸಿಗುವ ಪ್ರಯೋಜನ ಏನು ಎಂದು ನೇರವಾಗಿ ಕೇಳಿ.

ಕೆಳದವಡೆ ಹಿಂದೆ ಉಳಿದು ಹಲ್ಲು ಉಬ್ಬಿದಂತೆ ಕಾಣುವ ಮಕ್ಕಳಿಗೆ ಬೆಳವಣಿಗೆಯ ಕಾಲವೇ ಮುಖ್ಯ. ಹೆಣ್ಣುಮಕ್ಕಳು ಬೇಗ ಎತ್ತರವಾಗುತ್ತಾರೆ, ಗಂಡುಮಕ್ಕಳು ಒಂದೆರಡು ವರ್ಷ ತಡವಾಗಿ. ಈ ಹೊತ್ತಿನಲ್ಲಿ ಟ್ವಿನ್ ಬ್ಲಾಕ್ ಎಂಬ ತೆಗೆದು ಹಾಕುವ ಸಾಧನವನ್ನು ಸ್ಕಾಟ್ಲೆಂಡ್‌ನ ವಿಲಿಯಂ ಕ್ಲಾರ್ಕ್ 1977ರಲ್ಲಿ ರೂಪಿಸಿದಂದಿನಿಂದ ಬಳಸಲಾಗುತ್ತಿದೆ. ಈ ಕಾಲ ಕಳೆದರೆ ಹಲ್ಲನ್ನು ಸರಿಸಬಹುದು, ಆದರೆ ದವಡೆಯ ಬೆಳವಣಿಗೆಯ ನೆರವು ಸಿಗುವುದಿಲ್ಲ. ದವಡೆಯ ದೋಷ ತೀವ್ರವಾಗಿದ್ದರೆ ದೊಡ್ಡವರಾದ ಮೇಲೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬರೀ ಹಲ್ಲಿನ ವಕ್ರತೆಯಾದರೆ ಹೆದರಬೇಕಾಗಿಲ್ಲ. ವಸಡು, ಮೂಳೆ ಆರೋಗ್ಯವಾಗಿದ್ದರೆ ಮೂವತ್ತು, ನಲವತ್ತರಲ್ಲೂ ಅದನ್ನು ಸರಿಪಡಿಸಬಹುದು.

ಯಾರ ಬಳಿಗೆ ಹೋಗಬೇಕು?

ನಮ್ಮ ದೇಶದಲ್ಲಿ ದಂತವೈದ್ಯರಾಗಲು ಬೇಕಾದ ಬಿಡಿಎಸ್ ಪದವಿ ಇಂಟರ್ನ್‌ಶಿಪ್ ಸೇರಿ ಐದು ವರ್ಷಗಳದ್ದು. ಅದರ ಮೇಲೆ ವಕ್ರದಂತ ಚಿಕಿತ್ಸೆಯಲ್ಲೇ ಮೂರು ವರ್ಷ ಓದಿ ಎಂಡಿಎಸ್ ಪಡೆದವರು ಈ ವಿಷಯದ ತಜ್ಞರು. ಹುಳುಕು ತುಂಬಲು, ಹಲ್ಲು ತೆಗೆಯಲು ಹೋಗುವ ನಮ್ಮ ಕುಟುಂಬದ ದಂತವೈದ್ಯರು ಎಷ್ಟೇ ಒಳ್ಳೆಯವರಾದರೂ ದವಡೆಯ ಬೆಳವಣಿಗೆಯನ್ನು ಲೆಕ್ಕ ಹಾಕಿ ಹಲ್ಲುಗಳನ್ನು ಸರಿಸುವುದು ಬೇರೆಯೇ ವಿದ್ಯೆ. ಅನೇಕ ಕ್ಲಿನಿಕ್‌ಗಳಿಗೆ ಇಂಥ ತಜ್ಞರು ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಬಂದುಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಬರುವವರು ಯಾರು, ಅವರ ಪದವಿ ಏನು, ಪ್ರತಿ ಸಲವೂ ಅವರೇ ನೋಡುತ್ತಾರೆಯೇ, ನಡುವೆ ತಂತಿ ಚುಚ್ಚಿದರೆ ಯಾರನ್ನು ಕರೆಯಬೇಕು ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ವೈದ್ಯರು ರಾಜ್ಯದ ದಂತವೈದ್ಯ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ಮಹಾರಾಷ್ಟ್ರದಲ್ಲಿ ಅದು ಮಹಾರಾಷ್ಟ್ರ ರಾಜ್ಯ ದಂತವೈದ್ಯ ಪರಿಷತ್ತು. ವಕ್ರದಂತ ತಜ್ಞರದೇ ಆದ ಇಂಡಿಯನ್ ಆರ್ಥೊಡಾಂಟಿಕ್ ಸೊಸೈಟಿ 1965ರಿಂದ ಇದೆ. ಫಲಕದಲ್ಲಿ ಹೆಸರಿನ ಮುಂದೆ ಇರುವ ಅಕ್ಷರಗಳನ್ನು ಓದಿ, ಅರ್ಥವಾಗದಿದ್ದರೆ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ.

ಚಿಕಿತ್ಸೆಗೆ ಮುನ್ನ

ಬಾಯಿ ತೆರೆಸಿ ನೋಡಿದ ಹತ್ತೇ ನಿಮಿಷದಲ್ಲಿ ಮೊತ್ತ ಹೇಳಿ, ಮುಂಗಡ ಕಟ್ಟಿ ಎನ್ನುವ ಕಡೆ ಎಚ್ಚರ ಬೇಕು. ಸರಿಯಾದ ಕ್ರಮದಲ್ಲಿ ಮುಖದ ಮತ್ತು ಹಲ್ಲಿನ ಫೋಟೋ ತೆಗೆಯುತ್ತಾರೆ. ಹಲ್ಲಿನ ಅಚ್ಚು ಅಥವಾ ಸ್ಕ್ಯಾನ್ ಮಾಡುತ್ತಾರೆ. ಎಲ್ಲಾ ಹಲ್ಲುಗಳನ್ನು ತೋರಿಸುವ ಓಪಿಜಿ ಎಂಬ ಎಕ್ಸ್-ರೇ ಮತ್ತು ಪಕ್ಕದಿಂದ ತೆಗೆದ ತಲೆಯ ಎಕ್ಸ್-ರೇ ನೋಡಿ ಅಳತೆ ಮಾಡುತ್ತಾರೆ. ಮೂರು ಆಯಾಮದ ಸ್ಕ್ಯಾನ್ ಎಲ್ಲಾ ಮಕ್ಕಳಿಗೂ ಬೇಕಿಲ್ಲ. ವಸಡಿನೊಳಗೆ ಸಿಕ್ಕಿಕೊಂಡ ಹಲ್ಲಿನಂಥ ಕಾರಣವಿದ್ದಾಗ ಮಾತ್ರ ಸಾಕು. ಹುಳುಕಿದ್ದರೆ ಮೊದಲು ಅದನ್ನು ತುಂಬಿಸಬೇಕು. ವಸಡಿನಲ್ಲಿ ರಕ್ತ ಬರುತ್ತಿದ್ದರೆ ಅದು ವಾಸಿಯಾದ ಮೇಲೆಯೇ ತಂತಿ.

ಹೆತ್ತವರನ್ನು ಹೆಚ್ಚು ಕಂಗೆಡಿಸುವ ಮಾತು ಎಂದರೆ “ನಾಲ್ಕು ಹಲ್ಲು ತೆಗೆಯಬೇಕು” ಎಂಬುದು. ಗಟ್ಟಿಯಾಗಿರುವ ಹಲ್ಲನ್ನು ಕೀಳಿಸಲು ಯಾವ ತಾಯಿಗೂ ಮನಸ್ಸು ಬಾರದು. ಈ ವಾದ ಹೊಸದಲ್ಲ. ಹಲ್ಲು ತೆಗೆಯಲೇಬಾರದು ಎಂದು ಎಡ್ವರ್ಡ್ ಆ್ಯಂಗಲ್ ಪಟ್ಟು ಹಿಡಿದಿದ್ದರು. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ದಾರಿಯಲ್ಲೇ ಚಿಕಿತ್ಸೆ ಮಾಡಿ, ಫಲದಿಂದ ತೃಪ್ತರಾಗದೆ, ಹಲ್ಲು ತೆಗೆದು ಮತ್ತೆ ಚಿಕಿತ್ಸೆ ಮಾಡಿ ತೋರಿಸಿದರು. ಈಗ ತಜ್ಞರು ಎರಡನ್ನೂ ಬಲ್ಲರು. ಜಾಗ ಬಹಳ ಕಡಿಮೆ ಇದ್ದಾಗ ಅಥವಾ ಮೇಲಿನ, ಕೆಳಗಿನ ಎರಡೂ ಸಾಲುಗಳು ಉಬ್ಬಿ ತುಟಿ ಮುಚ್ಚಲು ಕಷ್ಟವಾದಾಗ ಕೋರೆಹಲ್ಲಿನ ಹಿಂದಿರುವ ಚಿಕ್ಕ ದವಡೆ ಹಲ್ಲುಗಳನ್ನು ತೆಗೆದು ಜಾಗ ಮಾಡುತ್ತಾರೆ. ಹಲ್ಲು ತೆಗೆಯುವವರೆಲ್ಲ ಕೆಟ್ಟವರಲ್ಲ, ತೆಗೆಯದೇ ಮಾಡಿಕೊಡುತ್ತೇವೆ ಎನ್ನುವವರೆಲ್ಲ ಒಳ್ಳೆಯವರೂ ಅಲ್ಲ. ತೆಗೆದರೆ ಮುಖ ಹೇಗಾಗುತ್ತದೆ, ತೆಗೆಯದಿದ್ದರೆ ಹೇಗಾಗುತ್ತದೆ ಎಂದು ಎಕ್ಸ್-ರೇ, ಅಚ್ಚು ಮುಂದಿಟ್ಟು ವಿವರಿಸುವವರನ್ನು ನಂಬಬಹುದು. ತೆಗೆದ ಹಲ್ಲು ಮರಳಿ ಬಾರದು, ಆದ್ದರಿಂದ ಸಂಶಯವಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದರಲ್ಲಿ ಸಂಕೋಚ ಬೇಡ.

ಲೋಹವೇ, ಸೆರಾಮಿಕ್ಕೇ, ಅಲೈನರೇ?

ಹಲ್ಲಿಗೆ ಅಂಟಿಸುವ ಲೋಹದ ಬ್ರಾಕೆಟ್ ಮತ್ತು ತಂತಿ ಹಳೆಯ ವಿಧಾನ. ಖರ್ಚು ಕಡಿಮೆ, ಗಟ್ಟಿ, ಎಲ್ಲಾ ಬಗೆಯ ದೋಷಕ್ಕೂ ಒದಗುತ್ತದೆ. ಸೆರಾಮಿಕ್ ಬ್ರಾಕೆಟ್ ಹಲ್ಲಿನ ಬಣ್ಣದ್ದು, ಎದ್ದು ಕಾಣುವುದಿಲ್ಲ. ಆದರೆ ಖರ್ಚು ಹೆಚ್ಚು, ಒಡೆಯುವ ಸಂಭವವೂ ಇದೆ. ರಬ್ಬರ್ ಉಂಗುರ ಬೇಡದ ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್‌ನಿಂದ ಚಿಕಿತ್ಸೆ ಬೇಗ ಮುಗಿಯುತ್ತದೆ ಎಂಬ ಪ್ರಚಾರವಿದ್ದರೂ ಅಧ್ಯಯನಗಳಲ್ಲಿ ಅದು ರುಜುವಾತಾಗಿಲ್ಲ. ತೆಗೆದು ಹಾಕುವ ಪ್ಲೇಟ್ ಹಲ್ಲನ್ನು ವಾಲಿಸಬಲ್ಲುದೇ ಹೊರತು ಬೇರುಸಹಿತ ಸರಿಸಲಾರದು. ಅದು ಸಣ್ಣಪುಟ್ಟ ದೋಷಕ್ಕೆ ಮಾತ್ರ.

ಪಾರದರ್ಶಕ ಪ್ಲಾಸ್ಟಿಕ್‌ನ ಅಲೈನರ್ 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಊಟ ಮಾಡುವಾಗ, ಹಲ್ಲುಜ್ಜುವಾಗ ತೆಗೆಯಬಹುದು ಎಂಬುದು ಅದರ ಅನುಕೂಲ. ಅದೇ ಅದರ ತೊಡಕೂ ಹೌದು. ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರದಿದ್ದರೆ ಹಲ್ಲು ಸರಿಯುವುದಿಲ್ಲ. ಶಾಲೆಯ ಡಬ್ಬಿ ಉಣ್ಣುವಾಗ ಕಾಗದದಲ್ಲಿ ಸುತ್ತಿಟ್ಟು, ಆಮೇಲೆ ಕಾಗದದ ಜೊತೆ ಕಸದ ಬುಟ್ಟಿಗೆ ಎಸೆಯುವ ಮಕ್ಕಳ ವಿಷಯ ದಂತವೈದ್ಯರಿಗೆ ಹೊಸದಲ್ಲ. ನೀರಿನ ಬಾಟಲಿ, ಛತ್ರಿಗಳನ್ನು ಶಾಲೆಯಲ್ಲಿ ಬಿಟ್ಟುಬರುವ ಮಗುವಿಗೆ ಅಲೈನರ್ ಕೊಡಿಸುವ ಮೊದಲು ಎರಡು ಸಲ ಯೋಚಿಸಿ.

ವೈದ್ಯರನ್ನು ಕಾಣದೆಯೇ ಮನೆಯಲ್ಲಿ ಅಚ್ಚು ತೆಗೆದು ಕಳುಹಿಸಿದರೆ ಅಂಚೆಯಲ್ಲಿ ಅಲೈನರ್ ಬರುವ ವ್ಯವಹಾರ ಮಕ್ಕಳಿಗೆ ಖಂಡಿತ ಬೇಡ. ಅಮೆರಿಕದಲ್ಲಿ ಈ ವ್ಯವಹಾರದಲ್ಲಿ ದೊಡ್ಡ ಹೆಸರಾಗಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿದಾಗ ಚಿಕಿತ್ಸೆ ಅರ್ಧದಲ್ಲಿದ್ದವರು ದಿಕ್ಕು ತೋಚದಂತಾದರು. ಎಕ್ಸ್-ರೇ ಇಲ್ಲದೆ ಬೆಳೆಯುವ ಮಗುವಿನ ಹಲ್ಲನ್ನು ಸರಿಸುವುದು ಕುರುಡು ಕೆಲಸ.

ಖರ್ಚು, ಓಡಾಟ ಮತ್ತು ಊರು

ಹಲ್ಲಿನ ಕ್ಲಿಪ್‌ಗೆ ಸಾಮಾನ್ಯ ಆರೋಗ್ಯ ವಿಮೆಯಿಂದ ಹಣ ಸಿಗುವುದು ಅಪರೂಪ. ಆದ್ದರಿಂದ ಸರಕಾರಿ ಮತ್ತು ನಗರಪಾಲಿಕೆಯ ದಂತ ಕಾಲೇಜುಗಳನ್ನು ನೆನಪಿಡಬೇಕು. ಮುಂಬಯಿಯಲ್ಲಿ ಸಿಎಸ್‌ಎಂಟಿ ಸಮೀಪ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರಕಾರಿ ದಂತ ಕಾಲೇಜು ಇದೆ. ಮುಂಬಯಿ ಸೆಂಟ್ರಲ್‌ನಲ್ಲಿ ನಗರಪಾಲಿಕೆಯ ನಾಯರ್ ದಂತ ಕಾಲೇಜು ಇದೆ, ಅದು 1933ರಲ್ಲಿ ಸ್ಥಾಪನೆಯಾದದ್ದು. ಎರಡರಲ್ಲೂ ವಕ್ರದಂತ ಚಿಕಿತ್ಸೆಯ ಸ್ನಾತಕೋತ್ತರ ವಿಭಾಗಗಳಿವೆ. ಖರ್ಚು ಖಾಸಗಿಗಿಂತ ಬಹಳ ಕಡಿಮೆ. ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಎಂಡಿಎಸ್ ವಿದ್ಯಾರ್ಥಿಗಳು ಚಿಕಿತ್ಸೆ ನೀಡುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಕಾಯಬೇಕು, ಶಾಲೆಗೆ ಆಗಾಗ ರಜೆ ಹಾಕಬೇಕು. ಓದು ಮುಗಿಸಿ ವಿದ್ಯಾರ್ಥಿ ಹೊರಟುಹೋದರೆ ಮಗುವಿನ ಚಿಕಿತ್ಸೆ ಮುಂದಿನವರ ಕೈಗೆ ಹೋಗುತ್ತದೆ. ಈ ತೊಂದರೆಗಳನ್ನು ಸಹಿಸಬಲ್ಲವರಿಗೆ ಅಲ್ಲಿನ ಚಿಕಿತ್ಸೆ ಯಾವ ಕ್ಲಿನಿಕ್‌ಗೂ ಕಡಿಮೆಯದಲ್ಲ. ದಿಲ್ಲಿಯ ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆ, ಚೆನ್ನೈ ಮತ್ತು ಹೈದರಾಬಾದಿನ ಸರಕಾರಿ ದಂತ ಕಾಲೇಜುಗಳಲ್ಲೂ ಇದೇ ಸೌಲಭ್ಯವಿದೆ.

ಇನ್ನು ಊರಿನ ಮಾತು. ಮಣಿಪಾಲದ ದಂತ ಕಾಲೇಜು 1965ರಿಂದ, ದೇರಳಕಟ್ಟೆಯ ಎ.ಬಿ. ಶೆಟ್ಟಿ ದಂತ ವಿಜ್ಞಾನ ಸಂಸ್ಥೆ 1985ರಿಂದ ನಡೆಯುತ್ತಿವೆ. ಅಲ್ಲಿನ ತಜ್ಞರ ಅಭಿಪ್ರಾಯ ಪಡೆಯಲು ರಜೆ ಒಳ್ಳೆಯ ಅವಕಾಶ. ಆದರೆ ಚಿಕಿತ್ಸೆಯನ್ನೇ ಅಲ್ಲಿ ಆರಂಭಿಸಿ ಮುಂಬಯಿಗೆ ಮರಳುವುದು ಕಷ್ಟದ ಕೆಲಸ. ಕ್ಲಿಪ್ ಹಾಕಿದ ಮೇಲೆ ನಾಲ್ಕರಿಂದ ಆರು ವಾರಕ್ಕೊಮ್ಮೆ ತಂತಿ ಬದಲಿಸಬೇಕು, ಬಿಗಿ ಮಾಡಬೇಕು. ಒಂದೂವರೆಯಿಂದ ಎರಡು ವರ್ಷಗಳಲ್ಲಿ ಸುಮಾರು 15ರಿಂದ 25 ಸಲ ಹೋಗಬೇಕಾಗುತ್ತದೆ. ವರ್ಷಕ್ಕೆ ಒಂದೆರಡು ಸಲ ಊರಿಗೆ ಹೋಗುವವರಿಗೆ ಇದು ಹೊಂದುವುದಿಲ್ಲ. ಆದ್ದರಿಂದ ಮಗು ಓದುವ ಊರಿನಲ್ಲಿಯೇ, ಸಾಧ್ಯವಾದರೆ ಮನೆ ಅಥವಾ ಶಾಲೆಯ ಸಮೀಪದಲ್ಲಿಯೇ ಚಿಕಿತ್ಸೆ ಮಾಡಿಸಬೇಕು. ಡೊಂಬಿವಲಿಯಲ್ಲೋ ವಿರಾರ್‌ನಲ್ಲೋ ಮನೆಯಿದ್ದು ಪ್ರತಿ ತಿಂಗಳು ದಕ್ಷಿಣ ಮುಂಬಯಿಗೆ ಮಗುವನ್ನು ಲೋಕಲ್‌ನಲ್ಲಿ ಕರೆದೊಯ್ಯುವವರು ಯಾರು ಎಂಬುದನ್ನೂ ಮೊದಲೇ ಯೋಚಿಸಿ.

ವರ್ಗಾವಣೆಯ ನೌಕರಿಯಲ್ಲಿರುವವರು, ಮಗುವನ್ನು ಮುಂದಿನ ವರ್ಷ ಊರಿನ ಶಾಲೆಗೆ ಸೇರಿಸಲಿರುವವರು ಈ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ನಡುವೆ ಊರು ಬಿಡಬೇಕಾದರೆ ಎಕ್ಸ್-ರೇ, ಫೋಟೋ, ಚಿಕಿತ್ಸೆಯ ವಿವರದ ಪತ್ರ ಇವನ್ನು ಕೇಳಿ ಪಡೆಯಿರಿ. ಇನ್ನೊಬ್ಬರು ಅರ್ಧದಿಂದ ಮುಂದುವರಿಸುವಾಗ ಹೊಸ ಶುಲ್ಕ ಬೀಳುವುದುಂಟು. ಆದ್ದರಿಂದ ಪೂರ್ತಿ ಹಣವನ್ನು ಒಮ್ಮೆಲೇ ಕಟ್ಟುವುದಕ್ಕಿಂತ ಕಂತುಗಳಲ್ಲಿ ಕಟ್ಟುವುದು ಕ್ಷೇಮ. ಪ್ರತಿ ಕಂತಿಗೂ ರಸೀದಿ ಇರಲಿ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪು ನೀಡಿದೆ. ರಸೀದಿ, ದಾಖಲೆಗಳಿಲ್ಲದೆ ಆ ಹಕ್ಕಿನಿಂದ ಪ್ರಯೋಜನವಿಲ್ಲ.

ಮನೆಯಲ್ಲಿ ನಡೆಯಬೇಕಾದ ಕೆಲಸ

ಚಿಕಿತ್ಸೆಯ ಅರ್ಧ ಭಾಗ ವೈದ್ಯರದ್ದಾದರೆ ಉಳಿದರ್ಧ ಮನೆಯವರದ್ದು. ಕ್ಲಿಪ್ ಹಾಕಿದ ಮತ್ತು ಬಿಗಿ ಮಾಡಿದ ಎರಡು ಮೂರು ದಿನ ಹಲ್ಲು ನೋಯುತ್ತದೆ. ಗಂಜಿ, ಇಡ್ಲಿ, ಸಾರನ್ನ ಸಾಕು. ಕೋರಿ ರೊಟ್ಟಿ ಬೇಕೆಂದರೆ ಸಾರಿನಲ್ಲಿ ಚೆನ್ನಾಗಿ ನೆನೆಯಲಿ. ಚಕ್ಕುಲಿ, ಕೋಡುಬಳೆ, ಚಿಕ್ಕಿ, ಕಬ್ಬು, ಕಾಯಿ ಪೇರಳೆ ಇವುಗಳಿಂದ ಬ್ರಾಕೆಟ್ ಕಿತ್ತುಬರುತ್ತದೆ. ಹೀಗೆ ಕಿತ್ತುಬಂದಷ್ಟೂ ಚಿಕಿತ್ಸೆ ಉದ್ದವಾಗುತ್ತದೆ. ಕೋಲಾದಂಥ ಪಾನೀಯ, ಅಂಟುವ ಮಿಠಾಯಿಗಳಿಂದ ದೂರವಿರಬೇಕು.

ಪ್ರತಿ ಊಟದ ನಂತರ ಬ್ರಾಕೆಟ್‌ಗಳ ಸುತ್ತ, ತಂತಿಯ ಕೆಳಗೆ ಉಜ್ಜಬೇಕು. ಇದಕ್ಕೆ ಸಣ್ಣ ಬ್ರಶ್ ಸಿಗುತ್ತದೆ. ಪೇಸ್ಟ್‌ನಲ್ಲಿ ಫ್ಲೋರೈಡ್ ಇರಲಿ. ಸರಿಯಾಗಿ ಉಜ್ಜದ ಮಕ್ಕಳ ಹಲ್ಲು ಕೊನೆಗೆ ನೇರವಾಗುತ್ತದೆ, ಆದರೆ ಬ್ರಾಕೆಟ್ ತೆಗೆದಾಗ ಅದರ ಸುತ್ತಲೂ ಬಿಳಿ ಕಲೆಗಳು ಉಳಿದಿರುತ್ತವೆ. ಅದು ಹುಳುಕಿನ ಆರಂಭ. ಉಜ್ಜುವುದನ್ನು ಇನ್ನೂ ಕಲಿಯದ ಮಗುವಿಗೆ ಆರು ತಿಂಗಳು ತಡಮಾಡಿ, ಮೊದಲು ಅಭ್ಯಾಸ ಮಾಡಿಸಿ ಎಂದು ಹೇಳುವ ವೈದ್ಯರು ನಿಮ್ಮ ಹಿತೈಷಿಗಳು.

ಬ್ರಾಕೆಟ್ ತೆಗೆದ ದಿನ ಚಿಕಿತ್ಸೆ ಮುಗಿಯಿತು ಎಂದು ಪೇಡೆ ಹಂಚುವವರೇ ಹೆಚ್ಚು. ಆದರೆ ಸರಿದ ಹಲ್ಲಿಗೆ ಮರಳಿ ಹಳೆಯ ಜಾಗಕ್ಕೆ ಹೋಗುವ ಸ್ವಭಾವವಿದೆ. ಅದನ್ನು ತಡೆಯಲು ರಿಟೇನರ್ ಹಾಕಬೇಕು. ಅದು ಹಲ್ಲಿನ ಹಿಂದೆ ಅಂಟಿಸುವ ತೆಳು ತಂತಿಯಾಗಿರಬಹುದು ಅಥವಾ ತೆಗೆದು ಹಾಕುವ ಪ್ಲೇಟ್ ಆಗಿರಬಹುದು. ಕೆಲವು ತಿಂಗಳಲ್ಲಿ ಇದು ಮುಗಿಯುವುದಿಲ್ಲ, ರಾತ್ರಿ ಹೊತ್ತು ವರ್ಷಗಟ್ಟಲೆ ಹಾಕಬೇಕಾಗುತ್ತದೆ. ಅದನ್ನು ಪೆಟ್ಟಿಗೆಯಲ್ಲಿ ಮರೆತುಬಿಟ್ಟರೆ ಎರಡು ವರ್ಷದ ಶ್ರಮ, ಹಣ ಎರಡೂ ನೀರುಪಾಲಾಗುತ್ತದೆ.

ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು

1. ನನ್ನ ಮಗುವಿನ ದೋಷ ಹಲ್ಲಿನದ್ದೇ, ದವಡೆಯದ್ದೇ?
2. ಈಗಲೇ ಮಾಡದಿದ್ದರೆ ಏನಾಗುತ್ತದೆ? ಒಂದು ವರ್ಷ ಕಾಯಬಹುದೇ?
3. ಚಿಕಿತ್ಸೆ ನೀಡುವವರು ಎಂಡಿಎಸ್ ವಕ್ರದಂತ ತಜ್ಞರೇ? ಪ್ರತಿ ಸಲವೂ ಅವರೇ ನೋಡುತ್ತಾರೆಯೇ?
4. ಹಲ್ಲು ತೆಗೆಯಬೇಕೇ? ಯಾವುದು, ಏಕೆ? ಬೇರೆ ದಾರಿ ಇದೆಯೇ?
5. ಒಟ್ಟು ಮೊತ್ತದಲ್ಲಿ ಎಕ್ಸ್-ರೇ, ಹಲ್ಲು ತೆಗೆಯುವುದು, ಕಿತ್ತುಬಂದ ಬ್ರಾಕೆಟ್, ರಿಟೇನರ್ ಸೇರಿವೆಯೇ?
6. ಎಷ್ಟು ತಿಂಗಳು ಬೇಕಾಗುತ್ತದೆ? ತಡವಾದರೆ ಹೆಚ್ಚಿನ ಹಣ ಕೊಡಬೇಕೇ?
7. ನಾವು ಊರು ಬದಲಿಸಿದರೆ ದಾಖಲೆ ಮತ್ತು ಉಳಿದ ಹಣದ ಗತಿ ಏನು?

ಈ ಉತ್ತರಗಳನ್ನು ಬರೆದು ಕೊಡಿ ಎಂದು ಕೇಳಲು ಹಿಂಜರಿಯಬಾರದು.

ಇನ್ನೊಬ್ಬರನ್ನೂ ಕೇಳಬೇಕು, ಅದು ಮಗುವನ್ನು. ಹನ್ನೆರಡು ವರ್ಷದ ಹುಡುಗನೋ ಹುಡುಗಿಯೋ ತನಗೆ ಬೇಕು ಎಂದು ಒಪ್ಪಿದರೆ ಮಾತ್ರ ಉಜ್ಜುವುದು, ರಬ್ಬರ್ ಹಾಕಿಕೊಳ್ಳುವುದು, ರಿಟೇನರ್ ಹಾಕಿಕೊಳ್ಳುವುದು ಸರಿಯಾಗಿ ನಡೆಯುತ್ತದೆ. ಹುಡುಗಿಗೆ ಮಾತ್ರ ಬೇಕು, ಹುಡುಗನಿಗೇಕೆ ಎನ್ನುವ ಭಾವನೆ ನಮ್ಮ ಮನೆಗಳಿಂದ ಹೋಗಬೇಕು. ಹಾಗೆಯೇ ಸ್ವಲ್ಪ ವಕ್ರವಾದ ಹಲ್ಲಿನಿಂದ ಮಗುವಿಗೆ ಯಾವ ತೊಂದರೆಯೂ ಇಲ್ಲದಿದ್ದರೆ, ಅಗಿಯಲು, ಉಜ್ಜಲು ಅಡ್ಡಿಯಿಲ್ಲದಿದ್ದರೆ, ಮಗು ಸಂತೋಷವಾಗಿದ್ದರೆ ಹಾಗೆಯೇ ಬಿಡುವುದೂ ಒಂದು ಸರಿಯಾದ ನಿರ್ಧಾರ. ನೆರೆಮನೆಯ ಮಗು ಹಾಕಿಸಿತು ಎಂಬುದು ಚಿಕಿತ್ಸೆಗೆ ಕಾರಣವಾಗಲಾರದು.

ಸಂಘ-ಸಂಸ್ಥೆಗಳು ಏನು ಮಾಡಬಹುದು?

ನಮ್ಮ ಸಂಘಗಳು ರಕ್ತದಾನ, ನೇತ್ರ ತಪಾಸಣೆ, ದಂತ ತಪಾಸಣೆ ಶಿಬಿರಗಳನ್ನು ಹಮ್ಮಿಕೊಳ್ಳುತ್ತಾ ಬಂದಿವೆ. ದಂತ ಶಿಬಿರಕ್ಕೆ ಒಬ್ಬ ವಕ್ರದಂತ ತಜ್ಞರನ್ನೂ ಕರೆದು ಏಳರಿಂದ ಹನ್ನೆರಡು ವರ್ಷದ ಮಕ್ಕಳನ್ನು ಪ್ರತ್ಯೇಕವಾಗಿ ನೋಡಿಸಿದರೆ ಹೆಚ್ಚಿನ ಖರ್ಚೇನೂ ಇಲ್ಲ. ಬೇಗ ಚಿಕಿತ್ಸೆ ಬೇಕಾದ ಮಕ್ಕಳ ಪಟ್ಟಿ ಮಾಡಿ, ಮೂರು ತಿಂಗಳ ನಂತರ ಆ ಮನೆಗಳಿಗೆ ಒಂದು ಫೋನ್ ಮಾಡಿದರೆ ಶಿಬಿರ ಸಾರ್ಥಕವಾಗುತ್ತದೆ. ಊರಿನಿಂದ ಹೊಸದಾಗಿ ಬಂದ ತಾಯಂದಿರಿಗೆ ಮರಾಠಿ, ಹಿಂದಿ ಎರಡೂ ತೊಡಕು. ಸರಕಾರಿ ಆಸ್ಪತ್ರೆಯ ಕಿಟಕಿಯ ಮುಂದೆ ಅವರ ಜೊತೆ ನಿಲ್ಲಲು ಮಹಿಳಾ ವಿಭಾಗದ ಸದಸ್ಯೆಯರು ಒಂದು ಬೆಳಗಿನ ಹೊತ್ತು ಕೊಟ್ಟರೆ ಅದೇ ದೊಡ್ಡ ಸಹಾಯ. ವಿದ್ಯಾರ್ಥಿ ನೆರವಿನ ನಿಧಿ ಇರುವ ಸಂಘಗಳು ಅಗಿಯಲೂ ಬಾಯಿ ಮುಚ್ಚಲೂ ಕಷ್ಟಪಡುವ ಬಡ ಮಕ್ಕಳ ಚಿಕಿತ್ಸೆಗೆ ಅದರಲ್ಲಿ ಒಂದು ಪಾಲು ಇಡಬಹುದು.

ಮನೆಯಲ್ಲಿ ಏಳು ವರ್ಷದ ಮಗುವಿದ್ದರೆ ಒಮ್ಮೆ ತಜ್ಞರಿಗೆ ತೋರಿಸಿ ಬನ್ನಿ. ಹತ್ತು ವರ್ಷದ ಮಗುವಿದ್ದರೆ ಕೋರೆಹಲ್ಲು ಎಲ್ಲಿದೆ ಎಂದು ಕೇಳಿ ಬನ್ನಿ. ಮುಂಗಡ ಕಟ್ಟುವ ಮಾತು ಆಮೇಲಿನದ್ದು.